ಸ್ಪಷ್ಟನೆ: ‘480ಎಂ’ ಎಂಬುದು ಕಡತ ಸಾಗುತ್ತಿರುವ ವೇಗವಲ್ಲ

ಲಿನಕ್ಸ್ ಟರ್ಮಿನಲ್‌ನಲ್ಲಿ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ -ಟಿ’ (lsusb -t) ಎಂಬ ಆದೇಶ ಕೊಟ್ಟರೆ ಪೆನ್‌ಡ್ರೈವ್‌ಗೆ ಆ ಕ್ಷಣ ಕಡತ ನಕಲಾಗುತ್ತಿರುವ ವೇಗ ಕಾಣುತ್ತದೆ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಅಲ್ಲಿ ಕಾಣುವ 480ಎಂ ಅಥವಾ 5000ಎಂ, ಸಾಧನವೂ ಪೋರ್ಟೂ ಒಪ್ಪಿಕೊಂಡ ಸಂಪರ್ಕದ ವೇಗ. ಅದೂ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಲೆಕ್ಕ, ಮೆಗಾಬೈಟ್ ಅಲ್ಲ. ಎಂಟು ಬಿಟ್‌ಗೆ ಒಂದು ಬೈಟ್; ಹಾಗಾಗಿ 480 ಮೆಗಾಬಿಟ್ ಎಂದರೆ 60 ಮೆಗಾಬೈಟ್. ಪ್ರೋಟೊಕಾಲ್‌ನ ಹೊರೆ (ಸಂಪರ್ಕ ನಿರ್ವಹಣೆಗೇ ಖರ್ಚಾಗುವ ಪಾಲು) ಕಳೆದರೆ ಕೈಗೆ ಸಿಗುವುದು ಇನ್ನೂ ಕಡಿಮೆ. ಒಂದು ಕಡತವೂ ಸಾಗದಿದ್ದಾಗಲೂ ಆ ಅಂಕಿ ಹಾಗೆಯೇ ಇರುತ್ತದೆ.

ನಿಜವಾದ ಹರಿವು ಬೇಕಿದ್ದರೆ ಯುಎಸ್‌ಬಿ ಸಂಚಾರವನ್ನು ಗಮನಿಸುವ ‘ಯುಎಸ್‌ಬಿಮಾನ್’ (usbmon) ಎಂಬ ಕರ್ನಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಿಗೆ ಸೇರಿಸುವ ಭಾಗ) ಲೋಡ್ ಮಾಡಿ, ರೂಟ್ (ಪೂರ್ಣ ನಿರ್ವಾಹಕ) ಅಧಿಕಾರದಲ್ಲಿ, ಆ ಕ್ಷಣದ ವೇಗ ತೋರಿಸುವ ‘ಯುಎಸ್‌ಬಿಟಾಪ್’ (usbtop) ತಂತ್ರಾಂಶ ನಡೆಸಿ.

ಹಾಗೆಂದು ಮೊದಲಿನ ಆದೇಶವನ್ನು ಕಡೆಗಣಿಸಬೇಡಿ. ಯುಎಸ್‌ಬಿ 3 ಡಿಸ್ಕ್‌ನ ಮುಂದೆ 480ಎಂ ಕಂಡರೆ ಸಂಪರ್ಕ ಹಳೆಯ ಯುಎಸ್‌ಬಿ 2ರ ವೇಗಕ್ಕೆ ಇಳಿದಿದೆ ಎಂದರ್ಥ; ಹೊಸ ಡಿಸ್ಕ್ ಕೊಳ್ಳುವ ಮುನ್ನ ದಯವಿಟ್ಟು ಕೇಬಲ್ ಮತ್ತು ಪೋರ್ಟ್ ಬದಲಿಸಿ ನೋಡಿ.