ಭೂಸೇನೆಯ ಮುಖ್ಯಸ್ಥರ ಮೊದಲ ಕೆಲಸ

ಸೇನೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದ ನನ್ನ ಸೋದರಮಾವ ಭೂಸೇನೆಯ ಮುಖ್ಯಸ್ಥರನ್ನು ಹತ್ತಿರದಿಂದ ಕಂಡದ್ದು ತಮ್ಮ ಸೇವಾವಧಿಯಲ್ಲಿ ಒಂದೇ ಒಂದು ಸಲ. ಹಿಮಾಲಯದ ಒಂದು ಠಾಣೆಗೆ ಚೀಫ್ ಬರುತ್ತಾರೆಂದು ಒಂದು ವಾರ ಮೊದಲೇ ದಾರಿಯ ಇಕ್ಕೆಲದ ಕಲ್ಲುಗಳಿಗೆಲ್ಲ ಕೆಮ್ಮಣ್ಣು ಮತ್ತು ಸುಣ್ಣ ಬಳಿದು, ಸಾಲಾಗಿ ನಿಲ್ಲುವುದನ್ನೂ ಉತ್ತರ ಹೇಳುವುದನ್ನೂ ಅಭ್ಯಾಸ ಮಾಡಿಸಿದ್ದರಂತೆ. ಹೆಲಿಕಾಪ್ಟರಿನಿಂದ ಇಳಿದು ಬಂದ ಜನರಲ್ ಸಾಹೇಬರು ಭಾಷಣ ಮಾಡಲಿಲ್ಲ, ಸಾಲಿನ ಮುಂದೆ ನಿಧಾನವಾಗಿ ನಡೆಯುತ್ತ ಮನೆಯಿಂದ ಪತ್ರ ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಿದರು. "ಯುದ್ಧದ ಮಾತು ಆಡ್ತಾರೆ ಅಂದ್ಕೊಂಡಿದ್ವಿ ಕಣೋ, ಕಾಗದದ ವಿಷಯ ಕೇಳಿದ್ರು" ಎಂದು ಮಾವ ಹೇಳಿದಾಗ, ಚಿಕ್ಕವನಾಗಿದ್ದ ನನಗೆ ನಿರಾಸೆಯಾಗಿತ್ತು. ಆ ಹುದ್ದೆಯ ಬಗ್ಗೆ ಓದುತ್ತ ಹೋದಂತೆ, ಆ ಪ್ರಶ್ನೆಯಲ್ಲಿಯೇ ಅದರ ಸಾರವಿದೆ ಎಂದು ನನಗೆ ಮನವರಿಕೆಯಾಗಿದೆ.

ಈ ಮುಖ್ಯಸ್ಥರನ್ನು ನಾವು ಕನ್ನಡದಲ್ಲಿ ಈಗಲೂ ರೂಢಿಯಿಂದ 'ದಂಡನಾಯಕ' ಎಂದುಬಿಡುತ್ತೇವೆ. 1949ರ ಜನವರಿ 15ರಂದು ಕೊಡಗಿನ ಕೆ.ಎಂ. ಕಾರಿಯಪ್ಪನವರು ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡಾಗ ಅದು ಸರಿಯಾದ ಪದವೇ ಆಗಿತ್ತು, ಏಕೆಂದರೆ ಆಗ ಆ ಹುದ್ದೆಯ ಹೆಸರೇ ಕಮಾಂಡರ್ ಇನ್ ಚೀಫ್. ಬ್ರಿಟಿಷರ ಕಾಲದಲ್ಲಿ ಆ ಸ್ಥಾನದಲ್ಲಿದ್ದವರು ವೈಸ್‌ರಾಯ್ ಅವರ ಕಾರ್ಯಕಾರಿ ಮಂಡಲಿಯ ಸದಸ್ಯರೂ ಆಗಿರುತ್ತಿದ್ದರು, ಅಂದರೆ ಸರ್ಕಾರದ ಒಂದು ಭಾಗವೇ ಆಗಿದ್ದರು. ದೆಹಲಿಯಲ್ಲಿ ಅವರಿಗಾಗಿ ಕಟ್ಟಿಸಿದ್ದ ಭವ್ಯ ಬಂಗಲೆ ಸ್ವಾತಂತ್ರ್ಯಾನಂತರ ಪ್ರಧಾನಿ ನೆಹರೂ ಅವರ ನಿವಾಸವಾಯಿತು. ಅದೇ ತೀನ್ ಮೂರ್ತಿ ಭವನ. ಅಧಿಕಾರದ ಕೇಂದ್ರ ಎಲ್ಲಿಂದ ಎಲ್ಲಿಗೆ ಬಂತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಕಟ್ಟಡ ಇನ್ನೊಂದಿಲ್ಲ. ಸಂವಿಧಾನವು ರಕ್ಷಣಾ ಪಡೆಗಳ ಪರಮಾಧಿಕಾರವನ್ನು ರಾಷ್ಟ್ರಪತಿಗಳಲ್ಲಿ ಇರಿಸಿತು, 1955ರ ಏಪ್ರಿಲ್ 1ರಿಂದ ಹುದ್ದೆಯ ಹೆಸರು 'ಚೀಫ್ ಆಫ್ ದಿ ಆರ್ಮಿ ಸ್ಟಾಫ್' ಎಂದು ಬದಲಾಯಿತು, ಜನರಲ್ ರಾಜೇಂದ್ರಸಿಂಹಜಿ ಜಡೇಜಾ ಆ ಹೆಸರಿನ ಮೊದಲಿಗರಾದರು. ಯೋಜನೆ, ಸಿದ್ಧತೆ, ಸಲಹೆಗಳನ್ನು ನೋಡಿಕೊಳ್ಳುವ ಅಧಿಕಾರಿ ವರ್ಗ ಎಂಬ ಅರ್ಥದ 'ಸ್ಟಾಫ್' ಎಂಬ ಆ ಒಂದು ಪದವನ್ನು ನಾವು ಗಮನಿಸುವುದೇ ಇಲ್ಲ.

ಗಡಿಯಲ್ಲಿ ಸೈನ್ಯವನ್ನು ನಡೆಸುವವರು ಉಧಂಪುರ, ಚಂಡಿಮಂದಿರ, ಜೈಪುರ, ಪುಣೆ, ಲಖನೌ, ಕೋಲ್ಕತ್ತಗಳಲ್ಲಿರುವ ಆರ್ಮಿ ಕಮಾಂಡರ್‌ಗಳು. ದೆಹಲಿಯಲ್ಲಿ ಕುಳಿತ ಮುಖ್ಯಸ್ಥರು ಅವರೆಲ್ಲರ ಮೇಲಿನವರು ನಿಜ, ಆದರೆ ಅವರ ದಿನದ ಬಹುಭಾಗ ಕಳೆಯುವುದು ಸುಮಾರು 12 ಲಕ್ಷ ಜನರ ಸೇನೆಯನ್ನು ಸಿದ್ಧವಾಗಿಡುವುದರಲ್ಲಿ: ಯಾರನ್ನು ಸೇರಿಸಿಕೊಳ್ಳಬೇಕು, ಎಷ್ಟು ದಿನದ ಮದ್ದುಗುಂಡು ದಾಸ್ತಾನಿರಬೇಕು, ಹಿಮ ಬೀಳುವ ಮೊದಲು ಲಡಾಖಿಗೆ ಎಷ್ಟು ಸೀಮೆಎಣ್ಣೆ, ಎಷ್ಟು ಅಕ್ಕಿ ಏರಿಸಬೇಕು ಎಂಬ ಲೆಕ್ಕದಲ್ಲಿ. ಉಪ ಮುಖ್ಯಸ್ಥರು, ಪೂರೈಕೆ ನೋಡಿಕೊಳ್ಳುವ ಕ್ವಾರ್ಟರ್‌ಮಾಸ್ಟರ್ ಜನರಲ್, ಸಿಬ್ಬಂದಿಯ ವಿಷಯ ನೋಡಿಕೊಳ್ಳುವ ಅಡ್ಜುಟಂಟ್ ಜನರಲ್, ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು (ಡಿಜಿಎಂಒ) ಮೊದಲಾದವರು ತಂದಿಡುವ ಈ ಲೆಕ್ಕಗಳನ್ನೆಲ್ಲ ಒಟ್ಟುಗೂಡಿಸಿ, ಚುನಾಯಿತ ಸರ್ಕಾರದ ಮುಂದೆ 'ಇಷ್ಟು ಸಾಧ್ಯ, ಇಷ್ಟು ಅಸಾಧ್ಯ' ಎಂದು ನೇರವಾಗಿ ಹೇಳುವುದೇ ಅವರ ಮೊದಲ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಡಿಕೇರಿಯ ಕೆ.ಎಸ್. ತಿಮ್ಮಯ್ಯನವರ ಬದುಕನ್ನೇ ನೋಡಿ. ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಜೋಜಿ ಲಾ ಕಣಿವೆದಾರಿಗೆ ಅವರು ಟ್ಯಾಂಕುಗಳನ್ನು ನುಗ್ಗಿಸಿದರು. ಮೇಲಿನ ಫಿರಂಗಿ ಗೋಪುರ ಕಳಚಿ, ಗುಟ್ಟಾಗಿ ಸಾಗಿಸಿದ್ದ ಸ್ಟುವರ್ಟ್ ಟ್ಯಾಂಕುಗಳು ಅವು. ಹೇಸರಗತ್ತೆಗಳು ಓಡಾಡುತ್ತಿದ್ದ ಕಾಲುದಾರಿಯನ್ನು ಅವುಗಳಿಗಾಗಿ ಅಗಲ ಮಾಡಿಕೊಟ್ಟವರು ನಮ್ಮ ಬೆಂಗಳೂರನ್ನೇ ನೆಲೆಯಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ದಳದ ಯೋಧರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದೆಂದು ಎದುರಾಳಿ ಊಹಿಸಿಯೂ ಇರಲಿಲ್ಲ, ಮುಂಚೂಣಿಯ ಟ್ಯಾಂಕುಗಳ ಜೊತೆ ಸ್ವತಃ ತಿಮ್ಮಯ್ಯನವರೂ ಇದ್ದರು. ಆದರೆ 1957ರಲ್ಲಿ ಮುಖ್ಯಸ್ಥರಾದ ಇದೇ ಧೀರರಿಗೆ ಬಂದ ಕಠಿಣ ಪರೀಕ್ಷೆ ದೆಹಲಿಯ ಕಚೇರಿಯಲ್ಲಿ ಕಾದಿತ್ತು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯ ಮಿತಿಮೀರಿದಾಗ 1959ರ ಆಗಸ್ಟ್ 31ರಂದು ಅವರು ರಾಜೀನಾಮೆ ಕೊಟ್ಟರು. ನೆಹರೂ ಕರೆದು ಮನವೊಲಿಸಿದ್ದರಿಂದ ಹಿಂತೆಗೆದುಕೊಂಡರು. ಅದಾದ ಎರಡೇ ದಿನದಲ್ಲಿ ಸಂಸತ್ತಿನಲ್ಲಿ ಪ್ರಧಾನಿಗಳು ಆಡಿದ ಮಾತು ಸಚಿವರ ಪರವಾಗಿತ್ತು, ತಿಮ್ಮಯ್ಯನವರಿಗೆ ನೋವು ತರುವಂತಿತ್ತು.

ಅವರು ರಾಜೀನಾಮೆಯನ್ನು ಹಿಂತೆಗೆದುಕೊಳ್ಳಬಾರದಿತ್ತು ಎಂದೇ ನಾನು ಭಾವಿಸುತ್ತೇನೆ. ಹಿಂತೆಗೆದುಕೊಂಡ ಮೇಲೆ ಅವರ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ. ಆದರೂ ಸೇನೆ ಚುನಾಯಿತ ಸರ್ಕಾರವನ್ನು ಮೀರಬಾರದೆಂಬ ನೆಹರೂ ಅವರ ಆತಂಕವನ್ನು ಪೂರ್ತಿ ತಳ್ಳಿಹಾಕಲಾರೆ, ಏಕೆಂದರೆ ಅದಕ್ಕೆ ಒಂದು ವರ್ಷದ ಹಿಂದಷ್ಟೇ, 1958ರ ಅಕ್ಟೋಬರಿನಲ್ಲಿ, ಪಾಕಿಸ್ತಾನದಲ್ಲಿ ಸೇನೆಯ ಮುಖ್ಯಸ್ಥ ಅಯೂಬ್ ಖಾನ್ ಅಧಿಕಾರವನ್ನೇ ಕೈಗೆ ತೆಗೆದುಕೊಂಡಿದ್ದರು. ತಿಮ್ಮಯ್ಯನವರು ಅವಮಾನವನ್ನು ನುಂಗಿಕೊಂಡು 1961ರವರೆಗೆ ಶಿಸ್ತಿನಿಂದ ಕೆಲಸ ಮಾಡಿ ಮನೆಗೆ ಹೋದರು. ಒಂದೇ ಉಪಖಂಡದ, ಒಂದೇ ಸೇನೆಯಿಂದ ಕವಲೊಡೆದ ಎರಡು ದೇಶಗಳ ದಾರಿ ಬೇರೆಯಾದದ್ದು ಇಂಥವರ ಸಂಯಮದಿಂದ ಎಂಬುದನ್ನು ನಾವು ಮರೆಯಬಾರದು.

ಅವರ ನಂತರ ಬಂದ ಜನರಲ್ ಪಿ.ಎನ್. ಥಾಪರ್ ಅವರ ಕಾಲದಲ್ಲಿ ಆದದ್ದು ಈ ಹುದ್ದೆಯ ಇತಿಹಾಸದಲ್ಲಿಯೇ ಅತ್ಯಂತ ದುಃಖದ ಅಧ್ಯಾಯ. 1962ರ ಸೆಪ್ಟೆಂಬರಿನಲ್ಲಿ ಈಶಾನ್ಯ ಗಡಿಯ ಥಗ್ಲಾ ಭಾಗದಿಂದ ಚೀನೀಯರನ್ನು ಹೊರದಬ್ಬಬೇಕೆಂದು ಸರ್ಕಾರ ಹೇಳಿದಾಗ ಥಾಪರ್ ಅವರಿಗೆ ಅನುಮಾನವಿತ್ತು. ಆದೇಶವನ್ನು ಲಿಖಿತವಾಗಿ ಕೊಡಿ ಎಂದು ಕೇಳಿದರು, ಕೊಟ್ಟರು. ಕಾಗದ ಕೈಗೆ ಬಂದ ಮೇಲೆ ಸೈನಿಕರು ಹತ್ತಿಯ ಉಡುಪಿನಲ್ಲಿ, ಕೈಗೆ ಸಿಕ್ಕಷ್ಟು ಗುಂಡುಗಳೊಂದಿಗೆ ಆ ಚಳಿಗೆ ಏರಿದರು. ಲಿಖಿತ ಆದೇಶ ಒಬ್ಬ ಅಧಿಕಾರಿಯನ್ನು ಕಾಪಾಡಬಹುದು, ನಮ್ಕಾ ಚು ಹೊಳೆಯ ದಡದಲ್ಲಿ ನಿಂತ ಜವಾನನನ್ನು ಕಾಪಾಡಲಾರದು. ಇದು ಆಗದ ಕೆಲಸ ಎಂದು ಅಲ್ಲಿ ಪಟ್ಟು ಹಿಡಿದು ಹೇಳಬೇಕಿತ್ತು. ನವೆಂಬರಿನಲ್ಲಿ ಥಾಪರ್ ಹುದ್ದೆ ಬಿಟ್ಟರು, ಅಷ್ಟರಲ್ಲಿ ಕಾಲ ಮಿಂಚಿತ್ತು.

ಒಂಬತ್ತು ವರ್ಷಗಳ ನಂತರ ಅದೇ ಕುರ್ಚಿಯಲ್ಲಿದ್ದ ಸ್ಯಾಮ್ ಮಾಣೆಕ್ ಷಾ, ತಾವೇ ಮುಂದೆ ಹಲವು ಬಾರಿ ಹೇಳಿದಂತೆ, 1971ರ ಏಪ್ರಿಲ್‌ನಲ್ಲಿ ಇಂದಿರಾ ಗಾಂಧಿಯವರ ಮುಂದೆ ಪಾಕಿಸ್ತಾನದ ವಿರುದ್ಧ ಕೂಡಲೇ ಯುದ್ಧ ಸಾಧ್ಯವಿಲ್ಲವೆಂದರು. ಮಳೆಗಾಲದಲ್ಲಿ ಪೂರ್ವ ಬಂಗಾಳದ ನದಿಗಳು ಸಮುದ್ರದಂತಾಗುತ್ತವೆ, ಹಿಮಾಲಯದ ಕಣಿವೆದಾರಿಗಳು ಚೀನಾದ ಸೇನೆಗೆ ತೆರೆದಿರುತ್ತವೆ, ಸಿದ್ಧತೆಗೆ ತಿಂಗಳುಗಳು ಬೇಕು ಎಂಬುದು ಅವರ ವಾದ. ಪ್ರಧಾನಿ ಆ ಮಾತನ್ನು ಕೇಳಿಸಿಕೊಂಡರು. ಡಿಸೆಂಬರ್ 3ರಿಂದ 16ರವರೆಗೆ ನಡೆದ ಯುದ್ಧದಲ್ಲಿ ಪಾಕಿಸ್ತಾನದ ಸುಮಾರು 93,000 ಮಂದಿ ಸೆರೆಯಾದರು. ಗೆಲುವಿನ ಕೀರ್ತಿಯಲ್ಲಿ ಕೇಳಿಸಿಕೊಂಡವರಿಗೂ ಪಾಲಿದೆ.

2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ಮೊದಲ ಚೀಫ್ ಆಫ್ ಡಿಫೆನ್ಸ್ ಸ್ಟಾಫ್ (ಸಿಡಿಎಸ್) ಆದ ಮೇಲೆ ಮೂರೂ ಪಡೆಗಳ ಜಂಟಿ ವಿಷಯಗಳಲ್ಲಿ ಸಲಹೆ ನೀಡುವ ಹೊಣೆ ಆ ಹುದ್ದೆಗೆ ಹೋಗಿದೆ. ಭೂಸೇನೆಯ ವಿಷಯದಲ್ಲಿ ಸಚಿವರಿಗೆ ಸಲಹೆ ನೀಡುವ ಹೊಣೆ ಮುಖ್ಯಸ್ಥರಲ್ಲಿಯೇ ಉಳಿದಿದೆ. ಒಂದು ಪ್ರದೇಶದ ಮೂರೂ ಪಡೆಗಳನ್ನು ಒಬ್ಬರ ಕೈಕೆಳಗೆ ತರುವ ಥಿಯೇಟರ್ ಕಮಾಂಡ್‌ಗಳು ಪೂರ್ಣವಾಗಿ ಜಾರಿಗೆ ಬಂದರೆ ಯುದ್ಧ ನಡೆಸುವ ಅಧಿಕಾರ ಇನ್ನೂ ದೂರ ಸರಿದು, ಸೈನಿಕರನ್ನು ಸೇರಿಸುವ, ತರಬೇತಿ ಕೊಡುವ, ಸಜ್ಜುಗೊಳಿಸುವ ಕೆಲಸ ಮುಖ್ಯಸ್ಥರ ಪಾಲಿಗೆ ಬರುತ್ತದೆ. ಇದರಿಂದ ಹುದ್ದೆಯ ಘನತೆ ಕುಗ್ಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 1983ರಲ್ಲಿ ಎಸ್.ಕೆ. ಸಿನ್ಹಾ ಅವರನ್ನು ಬಿಟ್ಟು ಎ.ಎಸ್. ವೈದ್ಯ ಅವರನ್ನೂ, 2016ರಲ್ಲಿ ಇಬ್ಬರು ಹಿರಿಯರನ್ನು ದಾಟಿ ರಾವತ್ ಅವರನ್ನೂ ನೇಮಿಸಿದಾಗ ಎದ್ದ ಚರ್ಚೆಯೆಲ್ಲ ಸೇವಾ ಹಿರಿತನದ ಸುತ್ತಲೇ ತಿರುಗಿತು. ಆರಿಸುವ ಹಕ್ಕು ಸರ್ಕಾರದ್ದೇ. ಆದರೆ ಒಪ್ಪದ ಮಾತನ್ನು ಮುಚ್ಚಿದ ಬಾಗಿಲ ಹಿಂದೆ ಹೇಳಬಲ್ಲವರು ಯಾರು ಎಂಬ ಪ್ರಶ್ನೆಯನ್ನು ನಾವು ಯಾರೂ ಕೇಳಲಿಲ್ಲ.

ಮಾವನ ಕಥೆಯ ಉಳಿದ ಭಾಗವನ್ನು ಹೇಳಬೇಕು. ಪತ್ರದ ಪ್ರಶ್ನೆಗೆ ಸಾಲಿನಲ್ಲಿದ್ದವರೆಲ್ಲ ಕಲಿಸಿಕೊಟ್ಟಂತೆ "ಸಬ್ ಠೀಕ್ ಹೈ ಸಾಬ್" ಎಂದರು. ಮಾವನ ಪಕ್ಕದಲ್ಲಿದ್ದ ಹೊಸ ಹುಡುಗನೊಬ್ಬ ಮಾತ್ರ, ಹಿಮ ಬಿದ್ದು ದಾರಿ ಮುಚ್ಚಿದ್ದರಿಂದ ಇಪ್ಪತ್ತೈದು ದಿನಗಳಿಂದ ಒಂದೂ ಪತ್ರ ಬಂದಿಲ್ಲ ಎಂದುಬಿಟ್ಟ. ಎಲ್ಲರೂ ಉಸಿರು ಬಿಗಿಹಿಡಿದರು. ಜನರಲ್ ಸಾಹೇಬರು ಅವನ ಊರಿನ ಹೆಸರು ಕೇಳಿ, ಹಿಂದೆ ಬರುತ್ತಿದ್ದ ಅಧಿಕಾರಿಯ ಕಡೆಗೆ ತಿರುಗಿ, ಇದನ್ನು ಬರೆದುಕೊಳ್ಳಿ ಎಂದರಂತೆ.