ಗರಿಷ್ಠ ಧಾರಣೆಯ ಗುಣಾಕಾರ

"ಡಿಗ್ರಿ ಮಾಡಿ ಬೆಂಗಳೂರಲ್ಲಿ ಇಪ್ಪತ್ತೈದು ಸಾವಿರಕ್ಕೆ ದುಡಿಯೋದಕ್ಕಿಂತ ಊರಲ್ಲಿ ಒಂದೆಕರೆ ತೋಟ ಮಾಡ್ಕೊಂಡಿದ್ರೆ ಸಾಕಿತ್ತು." ಅಡಿಕೆ ಧಾರಣೆ ಏರಿದಾಗಲೆಲ್ಲ ಸಾಗರ, ತೀರ್ಥಹಳ್ಳಿ ಕಡೆಯವರ ಪೋಸ್ಟುಗಳಲ್ಲಿ ಈ ಮಾತು. ಜೊತೆಗೆ ಎಪಿಎಂಸಿ ಧಾರಣೆಯ ಫೋಟೋ, ಕೆಳಗೆ ಎಕರೆಯ ಇಳುವರಿಗೂ ಆ ದರಕ್ಕೂ ಒಂದು ಗುಣಾಕಾರ.

ಆ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾರಾಟ ನಡೆದ ದರ) ಅಂತ ಮೂರು ದರ ಇರುತ್ತವೆ. ಪೋಸ್ಟಿಗೆ ಬರೋದು ಗರಿಷ್ಠ, ಅದೂ ಸರಕಿನದ್ದು, ಅಂದರೆ ಅತಿ ದುಬಾರಿ ದರ್ಜೆಯ ಅಡಿಕೆಯದ್ದು. ಯಾರ ತೋಟದ ಪೂರ್ತಿ ಫಸಲೂ ಸರಕಾಗುವುದಿಲ್ಲ. ರಾಶಿ, ಬೆಟ್ಟೆ, ಗೊರಬಲು ಅನ್ನೋ ಬೇರೆ ದರ್ಜೆಗಳೂ ಬರುತ್ತವೆ. ಗೊರಬಲಿನ ದರ ಸರಕಿನ ಅರ್ಧಕ್ಕೂ ಕೆಳಗಿರುವುದುಂಟು.

ಇನ್ನೂ ದೊಡ್ಡ ಎಡವಟ್ಟು ಹಸಿ-ಒಣದ್ದು. ಪೋಸ್ಟಿನವರ ಲೆಕ್ಕದಲ್ಲಿ ಎಕರೆಗೆ 60 ಕ್ವಿಂಟಲ್, ಕ್ವಿಂಟಲ್‌ಗೆ 50 ಸಾವಿರ ಹಿಡಿದರೂ 30 ಲಕ್ಷ! ಸ್ವಾಮಿ, 60 ಕ್ವಿಂಟಲ್ ಹಸಿ ಅಡಿಕೆ, 50 ಸಾವಿರ ಒಣ ಅಡಿಕೆಯ ದರ. ಹಸಿ ಕ್ವಿಂಟಲ್‌ಗೆ ಒಣಗಿದ ಮೇಲೆ ಉಳಿಯೋದು 12ರಿಂದ 14 ಕಿಲೋ. 13 ಅಂತಿಟ್ಟುಕೊಂಡರೆ 7.8 ಕ್ವಿಂಟಲ್, ಅಂದರೆ 3.9 ಲಕ್ಷ. ಅದರಲ್ಲೇ ಅಡಿಕೆ ಗೊನೆಯ ಕೊಯ್ಲು, ಸುಲಿತ, ಬೇಯಿಸೋದು, ಗೊಬ್ಬರ, ಬಸಿಗಾಲುವೆ, ಔಷಧಿ ಎಲ್ಲ ಕಳೆಯಬೇಕು. ಕೊಳೆ ರೋಗ ತಡೆಯಲು ಹೊಡೆಯೋ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಅದು ಅಗ್ಗವೇ, ಮರ ಹತ್ತಿ ಹೊಡೆಯೋ ಕೂಲಿ ಅಗ್ಗವಲ್ಲ. ಮುಂಗಾರಿಗೆ ಮೊದಲು ಒಮ್ಮೆ, 40-45 ದಿನಕ್ಕೆ ಮತ್ತೊಮ್ಮೆ. ಆ ಹೊತ್ತಿಗೆ ಮಳೆ ಬಿಡುವು ಕೊಡದಿದ್ದರೆ, ಅಥವಾ ಮರ ಹತ್ತೋ ಕೊನೆಗಾರ ಸಿಗದಿದ್ದರೆ, ಕೊಳೆ ಬಂದು ಕಾಯಿ ಉದುರಿದಂತೆಯೇ. ಸಂಬಳದ ಜೊತೆ ಹೋಲಿಸಬೇಕಾದ್ದು ಇದೆಲ್ಲ ಕಳೆದು ಉಳಿದದ್ದನ್ನು.

ಅಪ್ಪನಿಂದ ಬಂದ ತೋಟದ ಆದಾಯವನ್ನು 'ಓದದಿದ್ದದ್ದರ ಲಾಭ' ಅಂತ ಬರೆಯೋದು ಮತ್ತೊಂದು ತಮಾಷೆ. ಓದಿದ ಮಗನಿಗೂ ಅದೇ ತೋಟದಲ್ಲಿ ಪಾಲಿದೆಯಲ್ಲ! ಜಮೀನು ಕೊಂಡು ಮಾಡುವವರು ಅದರ ಬೆಲೆಗೆ ಬಡ್ಡಿ ಹಾಕಿ ನೋಡಲಿ. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಗಿಡ, ಫಸಲು ಶುರುವಾಗಲು 5ರಿಂದ 7 ವರ್ಷ. ಇವತ್ತಿನ ಧಾರಣೆ ಅವತ್ತಿಗೂ ಇರುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ? 2014ರ ಏರಿಕೆ ನೋಡಿ ಗಿಡ ಇಟ್ಟವರು, ಗಿಡ ಫಲಕ್ಕೆ ಬರುವ ಮೊದಲೇ ಧಾರಣೆ ಇಳಿದದ್ದನ್ನೂ ನೋಡಿದರು. ಅಗ್ಗದ ಆಮದು ತಡೆಯಲು ವಿದೇಶಿ ಅಡಿಕೆಗೆ 2023ರಲ್ಲಿ ನಿಗದಿಯಾದ ಕಿಲೋಗೆ 351 ರೂಪಾಯಿ ಕನಿಷ್ಠ ಬೆಲೆಯೂ ಸರ್ಕಾರದ ಆದೇಶವೇ, ಬದಲಾಗಬಹುದು. ಅತ್ತ ಬಯಲುಸೀಮೆಯಲ್ಲಿ ಇದೇ ಧಾರಣೆ ನೋಡಿ ಸಸಿ ಇಟ್ಟವರ ಅಡಿಕೆಯೂ ಇದೇ ಮಂಡಿಗೇ ಬರಬೇಕು, ಆಗ ಧಾರಣೆ ನಿಲ್ಲುತ್ತದೆಯೇ?

"ಅಡಿಕೆ ಬ್ಯಾನ್ ಆಗುತ್ತೆ, ಎಲ್ಲ ಕಡಿದು ಹಾಕಿ" ಅನ್ನುವವರ ವಾದವೂ ಅಷ್ಟೇ ತೆಳು. ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿಯ ವರದಿ ಬಂದದ್ದು 2004ರಲ್ಲಿ. ವರದಿ ನಿಜ. ಆದರೆ ಹತ್ತು ವರ್ಷ ಕಳೆದ ಮೇಲೂ ಧಾರಣೆ ಏರಿತ್ತು. ಬೇಡಿಕೆ ಬೀಳುತ್ತದೆ ಅನ್ನುವವರು ಯಾವ ಕಾನೂನಿನಿಂದ, ಎಷ್ಟು ವರ್ಷದಲ್ಲಿ ಅಂತಲೂ ಹೇಳಲಿ.