ಹಾಳೂರಿಗೆ ಉಳಿದವನೇ ಗೌಡ

ಕಾನ್ಫರೆನ್ಸ್ ಅಂದರೆ ನನಗೆ ಗೊತ್ತಿದ್ದದ್ದು ಒಂದೇ. ಕೊರಳಿಗೆ ಗುರುತಿನ ಚೀಟಿ, ಕೈಗೊಂದು ಫೈಲು, ವೇದಿಕೆ ಮೇಲೆ ಭಾಷಣ, ಮಧ್ಯಾಹ್ನ ಭರ್ಜರಿ ಊಟ. ಹಾಗಾಗಿ ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ‘ಕಾನ್ಫರೆನ್ಸಿನ ವರ್ಷದ ಆಟಗಾರ’ ಅಂತ ಒಂದು ಪ್ರಶಸ್ತಿ ಇದೆ ಎಂದು ಮೊದಲ ಸಲ ಓದಿದಾಗ, ಊಟದ ನಂತರದ ಭಾಷಣಕ್ಕೆ ತೂಕಡಿಸದೆ ಕೂತವನಿಗೆ ಕೊಡುತ್ತಾರೇನೋ ಅಂದುಕೊಂಡೆ. ಕೊಟ್ಟರೂ ತಪ್ಪಿಲ್ಲ ಬಿಡಿ, ಅದೇನು ಸಣ್ಣ ಸಾಧನೆಯಲ್ಲ.

ಅಲ್ಲಿ ಕಾನ್ಫರೆನ್ಸ್ ಅಂದರೆ ಕಾಲೇಜುಗಳ ಕೂಟ. ಮೇಲಿನ ದರ್ಜೆಯಲ್ಲಿ ಬೇಸ್‌ಬಾಲ್ ಆಡುವ ಕಾಲೇಜುಗಳೇ ಸುಮಾರು 300. ಎಲ್ಲರೂ ಎಲ್ಲರ ಜೊತೆ ಆಡುತ್ತಾ ಕೂತರೆ ಹುಡುಗರು ಓದುವುದು ಯಾವಾಗ? ಅದಕ್ಕೇ ಹತ್ತು ಹದಿನೈದು ಕಾಲೇಜು ಸೇರಿ ಒಂದು ಬೇಲಿ ಹಾಕಿಕೊಳ್ಳುತ್ತವೆ. ಆಟ ಹೆಚ್ಚಾಗಿ ಬೇಲಿಯ ಒಳಗೇ. ವರ್ಷದ ಕೊನೆಗೆ ಆ ಬೇಲಿಗೊಬ್ಬ ಶೂರ.

ಶೂರನನ್ನು ಆರಿಸುವ ರೀತಿ ನನಗೆ ಬಹಳ ಹಿಡಿಸಿತು. ವೋಟು ಹಾಕುವವರು ಕೋಚುಗಳು. ಸೌತ್‌ಈಸ್ಟರ್ನ್ ಕಾನ್ಫರೆನ್ಸಿನಲ್ಲಂತೂ ಕೋಚು ತನ್ನ ಹುಡುಗನಿಗೆ ವೋಟು ಹಾಕುವ ಹಾಗಿಲ್ಲ. ಎದುರು ತಂಡದವನಿಗೇ ಹಾಕಬೇಕು. ಸರಿಯಾಗಿಯೇ ಇದೆ. ಗಂಡಿನ ಗುಣ ತಿಳಿಯಬೇಕಾದರೆ ನಾವು ಅವರಮ್ಮನನ್ನು ಕೇಳುತ್ತೇವಾ? ಪಕ್ಕದ ಮನೆಯವರನ್ನು ಕೇಳುತ್ತೇವೆ. 2024ರಲ್ಲಿ ಅಲ್ಲಿ ಗೆದ್ದವನು ಜಾರ್ಜಿಯಾ ವಿಶ್ವವಿದ್ಯಾಲಯದ ಚಾರ್ಲಿ ಕಾಂಡನ್. ಒಂದೇ ಸೀಸನ್ನಿನಲ್ಲಿ 37 ಹೋಮ್ ರನ್ ಹೊಡೆದಿದ್ದ. ಹೋಮ್ ರನ್ ಅಂದರೆ ಹೆಚ್ಚುಕಡಿಮೆ ನಮ್ಮ ಸಿಕ್ಸರ್, ಚೆಂಡು ಮೈದಾನದಾಚೆ. ಕಾಲೇಜಿನವರು ಆಡುವುದು ಲೋಹದ ಬ್ಯಾಟಿನಲ್ಲಿ. ಟಣ್ ಅನ್ನುತ್ತದೆ, ಒಗ್ಗರಣೆ ಸೌಟು ಬಾಣಲೆಗೆ ಬಡಿದ ಹಾಗೆ. ಆ ಟಣ್ ಸದ್ದನ್ನು ಹೊಟ್ಟೆ ಉರಿದುಕೊಂಡು ಕೇಳಿದ ಕೋಚುಗಳೇ ಕೊನೆಗೆ ‘ಇವನೇ ಒಳ್ಳೆಯವನು’ ಅಂತ ಬರೆದುಕೊಡಬೇಕು.

ಆದರೆ ನನ್ನ ಮನಸ್ಸು ನಿಂತಿರುವುದು ಅದೇ ವರ್ಷದ ಇನ್ನೊಬ್ಬ ಶೂರನ ಹತ್ತಿರ. ಟ್ರಾವಿಸ್ ಬಜಾನಾ, ಸಿಡ್ನಿಯ ಹುಡುಗ. ಚಿಕ್ಕಂದಿನಲ್ಲಿ ಕ್ರಿಕೆಟ್ಟೂ ಆಡಿದವನು, ಎಡಗೈ ಬ್ಯಾಟರ್. ಇಷ್ಟು ಗೊತ್ತಾದ ಮೇಲೆ ಅವನು ನಮ್ಮವನೇ ಅಲ್ವಾ! ಸಮುದ್ರ ದಾಟಿ ಹೋಗಿ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ. 2024ರಲ್ಲಿ ಅವನ ಬ್ಯಾಟಿಂಗ್ ಸರಾಸರಿ .407. ಹತ್ತು ಸಲಕ್ಕೆ ಮೂರು ಸಲ ಸರಿಯಾಗಿ ಹೊಡೆದರೆ ಸಾಕು, ಬೇಸ್‌ಬಾಲಿನವರು ತಲೆಮೇಲೆ ಹೊತ್ತುಕೊಳ್ಳುತ್ತಾರೆ. ಇವನು ನಾಲ್ಕು ದಾಟಿದ್ದ. ಜೊತೆಗೆ 28 ಹೋಮ್ ರನ್. ಪ್ಯಾಕ್-12 ಕಾನ್ಫರೆನ್ಸಿನ ವರ್ಷದ ಆಟಗಾರನಾದ. ಜುಲೈನಲ್ಲಿ ವೃತ್ತಿಪರ ತಂಡಗಳು ಹುಡುಗರನ್ನು ಆರಿಸಿಕೊಳ್ಳುವಾಗ ಕ್ಲೀವ್‌ಲ್ಯಾಂಡ್ ತಂಡ ಎಲ್ಲರಿಗಿಂತ ಮೊದಲು ಇವನ ಹೆಸರು ಕೂಗಿತು.

ಇವನು ಪ್ರಶಸ್ತಿ ಮನೆಗೆ ತಂದ. ಪ್ರಶಸ್ತಿ ಕೊಟ್ಟ ಮನೆಯೇ ಕೆಲವು ವಾರಗಳಲ್ಲಿ ಖಾಲಿಯಾಯಿತು.

ಪ್ಯಾಕ್-12 ಅಂದರೆ ಪೆಸಿಫಿಕ್ ತೀರದ ಹನ್ನೆರಡು. 1915ರಲ್ಲಿ ಶುರುವಾದ ಕೂಟ. ಲೆಕ್ಕದಲ್ಲಿ ಪ್ರಾಮಾಣಿಕ. ಎಂಟು ಜನ ಇದ್ದಾಗ ಪ್ಯಾಕ್-8, ಹತ್ತಾದಾಗ ಪ್ಯಾಕ್-10, 2011ರಲ್ಲಿ ಹನ್ನೆರಡಾದಾಗ ಪ್ಯಾಕ್-12. ಉಳಿದವರಿಗೆ ಈ ಚಿಂತೆಯೇ ಇಲ್ಲ. ಬಿಗ್ ಟೆನ್ ಅನ್ನುವ ಕೂಟದಲ್ಲಿ ಈಗ 18 ಕಾಲೇಜುಗಳಿವೆ, ಬಿಗ್ 12ರಲ್ಲಿ 16. ದೊಡ್ಡವರು ಎಣಿಸಲು ಹೋಗುವುದಿಲ್ಲ ಅಂತ ಕಾಣುತ್ತದೆ. ಎಣಿಸಿದ ಮನೆಯೇ ಮುರಿದುಬಿತ್ತು. ಕಾರಣ ಟೀವಿ ದುಡ್ಡು. ಫುಟ್‌ಬಾಲ್ (ಕಾಲಲ್ಲಿ ಒದೆಯುವ ನಮ್ಮದಲ್ಲ, ಅಮೆರಿಕದವರದ್ದು) ತೋರಿಸಲು ಚಾನೆಲ್‌ಗಳು ಬೇರೆಯವರಿಗೆ ಕೊಟ್ಟಷ್ಟು ಇವರಿಗೆ ಕೊಡಲಿಲ್ಲ. ಹತ್ತು ಕಾಲೇಜುಗಳು ಗಂಟುಮೂಟೆ ಕಟ್ಟಿದವು. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಎಲ್ಲಿಗೆ ಹೋದವು ಗೊತ್ತಾ? ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ! ಪೆಸಿಫಿಕ್ ಗಾಳಿ ಕುಡಿಯುತ್ತಾ ಆಡುವ ಹುಡುಗ ಇನ್ನು ಮೇಲೆ ಅಟ್ಲಾಂಟಿಕ್ ತೀರದ ಶೂರನಾಗಬಹುದು. ಭೂಗೋಳದ ಮೇಷ್ಟ್ರು ಯಾರೂ ಅಡ್ಡ ಬರಲಿಲ್ಲವೇ!

ಉಳಿದದ್ದು ಎರಡೇ, ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಕೋರ್ಟಿಗೆ ಹೋಗಿ ಕೂಟದ ಹೆಸರು, ಯಜಮಾನಿಕೆ ಉಳಿಸಿಕೊಂಡವು. ಹಾಳೂರಿಗೆ ಉಳಿದವನೇ ಗೌಡ ಅನ್ನುವುದನ್ನು ಇಷ್ಟು ಚಾಚೂ ತಪ್ಪದೆ ಮಾಡಿ ತೋರಿಸಿದವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಗೌಡಿಕೆ ಏನೋ ಉಳಿಯಿತು, ಬೇಸ್‌ಬಾಲ್ ಆಡುವುದು ಯಾರ ಜೊತೆ? ವಾಷಿಂಗ್ಟನ್ ಸ್ಟೇಟ್ ಮೌಂಟನ್ ವೆಸ್ಟ್ ಕೂಟದ ಜೊತೆ ಸೇರಿಕೊಂಡಿತು. ಆರೆಗನ್ ಸ್ಟೇಟ್ ಮಾತ್ರ 2025ರಲ್ಲಿ ಬೇಲಿ ಇಲ್ಲದೆ ಒಂಟಿಯಾಗಿ ಆಡಿತು. ಕರೆದ ಊರಿಗೆಲ್ಲ ಬ್ಯಾಟು ಹೊತ್ತು ಹೋಯಿತು. ಕೊನೆಗೆ ಒಮಾಹಾದಲ್ಲಿ ನಡೆಯುವ ಕಾಲೇಜು ವರ್ಲ್ಡ್ ಸೀರೀಸ್‌ಗೂ ಹೋಗಿ ಬಂತು. ಅಲ್ಲಿಗೆ ಹೋಗುವುದು ಎಂಟೇ ತಂಡ, ನೆನಪಿರಲಿ.

ಆ ತಂಡದಲ್ಲಿ ಏವಾ ಆರ್ಕೆಟ್ ಅನ್ನುವ ಹುಡುಗನಿದ್ದ. ಆ ಬೇಸಿಗೆಯಲ್ಲಿ ಮಯಾಮಿ ತಂಡ ಇಡೀ ದೇಶಕ್ಕೆ ಏಳನೆಯವನಾಗಿ ಅವನನ್ನು ಆರಿಸಿಕೊಂಡಿತು. ಆದರೆ ಅವನು ಕಾನ್ಫರೆನ್ಸಿನ ವರ್ಷದ ಆಟಗಾರನಾಗುವ ಹಾಗೇ ಇರಲಿಲ್ಲ. ಹೊಟ್ಟೆ ಉರಿದುಕೊಂಡು ವೋಟು ಹಾಕಲು ಕೂಟದ ಕೋಚುಗಳೇ ಇರಲಿಲ್ಲವಲ್ಲ.